ನೆಗಡಿಯಿಂದ ಹುಟ್ಟಿತೇ ಹಾಡು?

(ಮಾತಾಡುವವರು ಕುಂತೂರಿನ ಇಬ್ಬರು, ವರಸೆಯಲ್ಲಿ ಭಾವ, ಭಾಮೈದ.)

ಭಾಮೈದ: ನೀವು ಏನೇ ಹೇಳಿ ಭಾವ, ದೊಡ್ಡ ಹಾಡುಗಳೆಲ್ಲ ಎಣಿಸದೆ ಹುಟ್ಟಿದವು. ದೂರ ಯಾಕೆ ಹೋಗಬೇಕು, ನಮ್ಮ ಸೀಮೆಯವರದೇ ಉದಾಹರಣೆ ಇದೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’ ಇದೆಯಲ್ಲ, ಅದನ್ನು ಪಿ.ಬಿ. ಶ್ರೀನಿವಾಸ್ ಹಾಡಬೇಕಿತ್ತಂತೆ. ಅವರಿಗೆ ನೆಗಡಿಯಾಗಿ ಗಂಟಲು ಕಟ್ಟಿತಂತೆ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಾಯಕನಟನನ್ನೇ ಮೈಕಿನ ಮುಂದೆ ನಿಲ್ಲಿಸಿದರಂತೆ. ಅಲ್ಲಿಂದ ಕನ್ನಡ ಸಿನಿಮಾ ಹಾಡಿನ ಜಾತಕವೇ ಬದಲಾಯಿತು. ಒಂದು ನೆಗಡಿ ಎಷ್ಟು ಕೆಲಸ ಮಾಡಿತು ನೋಡಿ!

ಭಾವ: ಕತೆ ಚೆನ್ನಾಗಿದೆ, ನಾನೂ ಹತ್ತಾರು ಬಾಯಲ್ಲಿ ಕೇಳಿದ್ದೇನೆ. ನೆಗಡಿಯೇ ಆಗಿರಲಿಲ್ಲ ಅಂತ ವಾದಿಸೋದಕ್ಕೆ ಹೋಗೋದಿಲ್ಲ. ಅದರ ಮೇಲೆ ನೀನು ಹೊರಿಸುವ ಭಾರ ಮಾತ್ರ ಅದು ಹೊರಲಾರದು. ಜಿ.ಕೆ. ವೆಂಕಟೇಶ್ ಅವತ್ತು ಹೊಸದೊಂದು ಕಂಠವನ್ನು ಕಂಡುಹಿಡಿದರು ಅನ್ನೋ ಹಾಗೆ ಕತೆ ಓಡುತ್ತದೆ. ಆದರೆ 1956ರ ‘ಓಹಿಲೇಶ್ವರ’ದಲ್ಲಿ ರಾಜ್‌ಕುಮಾರ್ ಆಗಲೇ ಒಂದು ಭಕ್ತಿಗೀತೆ ಹಾಡಿದ್ದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಯುಗಳಗೀತೆಯನ್ನೇ ಹಾಡಿದ್ದರು. ಆ ಎರಡೂ ಚಿತ್ರಗಳಿಗೆ ಸಂಗೀತ ಕೊಟ್ಟವರು ಯಾರು ಗೊತ್ತೇ? ಇದೇ ಜಿ.ಕೆ. ವೆಂಕಟೇಶ್. ಅಂದರೆ 1974ರಲ್ಲಿ ಅವರು ಕತ್ತಲಲ್ಲಿ ಕಲ್ಲೆಸೆಯಲಿಲ್ಲ. ಹದಿನೆಂಟು ವರ್ಷದಿಂದ ತಮಗೆ ಗೊತ್ತಿದ್ದ ಒಂದು ಗಂಟಲನ್ನು ಕರೆದರು. ಇನ್ನೂ ಹಿಂದಕ್ಕೆ ಹೋಗು. ರಾಜ್‌ಕುಮಾರ್ ಅವರ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟ, ಆಗ ಮುತ್ತುರಾಜ ಅನ್ನೋ ಹೆಸರಿನ ಮಗನೂ ಅದೇ ಕಂಪನಿಯಲ್ಲಿ ಬೆಳೆದವನು. ಕಂಪನಿ ನಾಟಕದಲ್ಲಿ ಪಾತ್ರ ಮಾಡುವವನು ತನ್ನ ಪದ್ಯವನ್ನು ತಾನೇ ಹಾಡಬೇಕು, ಅದೂ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕೇಳುವ ಹಾಗೆ. ಹಾಡು ಬಾರದವನಿಗೆ ಅಲ್ಲಿ ನಾಯಕನ ಪಾತ್ರ ಸಿಗೋದು ಕಷ್ಟ. ಅಂಥವನು 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದಾಗ ಕಣ್ಣಪ್ಪನ ಮೊರೆಯ ಹಾಡನ್ನು ಹಾಡಿದವರು ತಮಿಳುನಾಡಿನ ಸಿ.ಎಸ್. ಜಯರಾಮನ್. ಈಗ ಹೇಳು, ಆಶ್ಚರ್ಯಪಡಬೇಕಾದ್ದು ಯಾವುದಕ್ಕೆ? ನಟನೊಬ್ಬ 1974ರಲ್ಲಿ ಹಾಡಿದ್ದಕ್ಕೋ, ಇಪ್ಪತ್ತು ವರ್ಷ ಅವನಿಗೆ ಹೆಚ್ಚು ಹಾಡಲು ಬಿಡದೆ ಇದ್ದದ್ದಕ್ಕೋ?

ಭಾಮೈದ: ಬಿಡದೆ ಇದ್ದರು ಅಂದರೆ ಪಿ.ಬಿ. ಶ್ರೀನಿವಾಸ್ ಅವರನ್ನು ದೂರಿದ ಹಾಗಾಯಿತು. ಆ ಕಂಠಕ್ಕೂ ಆ ಮುಖಕ್ಕೂ ಒಪ್ಪಿದ ಜೋಡಿಯನ್ನು ಜನ ತಲೆ ಮೇಲೆ ಹೊತ್ತರು.

ಭಾವ: ದೂರುತ್ತಿಲ್ಲ ಕಣಯ್ಯ. ಜೋಡಿ ಅಷ್ಟು ಚೆನ್ನಾಗಿ ಕೂತುಬಿಟ್ಟಿದ್ದರಿಂದಲೇ ಬದಲಾಯಿಸುವ ಕಾರಣ ಯಾರಿಗೂ ಕಾಣಲಿಲ್ಲ. ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾಡುವವರೇ ಬೇರೆ, ತುಟಿ ಆಡಿಸುವವರೇ ಬೇರೆ ಅನ್ನೋ ಪದ್ಧತಿ ಆಗಲೇ ಗಟ್ಟಿಯಾಗಿತ್ತು. ನೆಗಡಿ ಮಾಡಿದ್ದು ಇಷ್ಟೇ: ಆ ಪದ್ಧತಿಯ ಬಾಗಿಲನ್ನು ಒಂದು ದಿನದ ಮಟ್ಟಿಗೆ ತೆರೆಯಿತು. ಒಳಗೆ ಬಂದವನು ಮಾತ್ರ ಹೊಸಬನಲ್ಲ. ಇನ್ನೊಂದು ವಿಚಾರ ಸೇರಿಸಿಕೋ. ‘ಸಂಪತ್ತಿಗೆ ಸವಾಲ್’ ಕತೆಯೇ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದದ್ದು, ಉತ್ತರ ಕರ್ನಾಟಕದ ಕಂಪನಿಗಳು ಆಡಿ ಹೆಸರು ಮಾಡಿದ್ದ ನಾಟಕ. ಹಾಡಿದವನೂ ರಂಗದಿಂದ ಬಂದವನು, ಹಾಡಿಗೆ ಎಡೆಕೊಟ್ಟ ಕತೆಯೂ ರಂಗದಿಂದ ಬಂದದ್ದು. ಅದರಲ್ಲಿ ಒಬ್ಬ ಸೆಟೆದು ನಿಂತು ಎದೆ ತೆರೆದು ಕೂಗುವ ಹಾಡು ಇರುವುದೂ, ಅದಕ್ಕೆ ನಾಟಕದ ಗಂಟಲು ಹೊಂದುವುದೂ ಸಹಜವೇ.

ಭಾಮೈದ: ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಂಪನಿಯಲ್ಲಿ ಹಾಡಿದವರು ನೂರಾರು ಜನ ಇದ್ದರು. ಅವರಲ್ಲಿ ಎಷ್ಟೋ ಜನ ಸಿನಿಮಾಕ್ಕೂ ಬಂದರು. ಅಭ್ಯಾಸವೇ ಕಾರಣವಾಗಿದ್ದರೆ ಎಲ್ಲರೂ ಗಾಯಕರಾಗಬೇಕಿತ್ತು. ಆಗಲಿಲ್ಲ. ಅವಕಾಶ ಅನ್ನೋದು ಒಬ್ಬನ ಬಾಗಿಲಿಗೆ ಬಂತು, ಉಳಿದವರ ಬಾಗಿಲಿಗೆ ಬರಲಿಲ್ಲ. ಹಾಗಾದರೆ ಆಕಸ್ಮಿಕವೇ ದೊಡ್ಡದಲ್ಲವೇ?

ಭಾವ: ಇದು ಒಳ್ಳೆಯ ಪ್ರಶ್ನೆ, ಅರ್ಧ ಒಪ್ಪುತ್ತೇನೆ. ಯಾರಿಗೆ, ಯಾವತ್ತು ಅನ್ನೋದನ್ನು ಆಕಸ್ಮಿಕ ತೀರ್ಮಾನಿಸಬಹುದು. ನಾಯಕನಟನ ಪಟ್ಟದಲ್ಲಿ ಇದ್ದದ್ದಕ್ಕೇ ಅವರನ್ನು ಕರೆದರು ಅನ್ನೋದೂ ನಿಜ, ಹಿಂದಿನ ಸಾಲಿನಲ್ಲಿ ನಿಂತ ಪೋಷಕ ನಟನನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಆಕಸ್ಮಿಕ ಕೊಡೋದು ಒಂದು ಹಾಡು ಮಾತ್ರ. ಅದಾದ ಮೇಲೆ ದಶಕಗಟ್ಟಲೆ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡಿದರು, 1992ರ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಟನಿಗೆ ಬಂದ ಪ್ರಶಸ್ತಿಯಲ್ಲ ಅದು, ಹಿನ್ನೆಲೆ ಗಾಯಕನಿಗೆ ಬಂದದ್ದು. ನೆಗಡಿ ಒಂದು ವಾರ ಇರುತ್ತದೆ, ಹದಿನೆಂಟು ವರ್ಷ ಇರೋದಿಲ್ಲ. ಹೀಗಿದ್ದೂ ನಮಗೆ ನೆಗಡಿ ಕತೆಯೇ ಯಾಕೆ ರುಚಿಸುತ್ತದೆ ಅಂದರೆ, ಅದನ್ನು ಒಂದು ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸಬಹುದು. ಅದರಲ್ಲಿ ಒಂದೇ ಕೋಣೆ, ಮೂರೇ ಜನ, ಒಂದೇ ತಿರುವು. ಊರಿಂದೂರಿಗೆ ಅಲೆದ ನಾಟಕದ ಕಂಪನಿ, ಅಪ್ಪನಿಂದ ಮಗನಿಗೆ ಬಂದ ಪದ್ಯಗಳು, ಹಾರ್ಮೋನಿಯಂ ಮೇಷ್ಟ್ರುಗಳು, ಇವೆಲ್ಲ ಹೇಳುತ್ತ ಕೂತರೆ ಕೇಳುವವನು ಆಕಳಿಸುತ್ತಾನೆ. ಹಾಡು ರೆಕಾರ್ಡಾದ ಕತೆಯನ್ನೇ ಹಾಡು ಹುಟ್ಟಿದ ಕತೆ ಅಂತ ನಾವು ನಂಬೋದು ಹೀಗೆ. ರಾಜ್‌ಕುಮಾರ್ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ನಮ್ಮ ಮಲೆಯ ಹಾಡುಗಳ ವಿಷಯದಲ್ಲಿ ನಷ್ಟವಾಗಿದೆ.

ಭಾಮೈದ: ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ ಹಾಡುಗಳನ್ನು ಹೇಳುತ್ತಿದ್ದೀರಿ. ಅವನ್ನು ಯಾರು ಕಟ್ಟಿದರು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಹುಟ್ಟಿದ ಕತೆಯೂ ಇಲ್ಲ. ಇರೋದು ಸಿನಿಮಾ ಕತೆಯೇ. 1996ರಲ್ಲಿ ನಾಗಾಭರಣರ ‘ಜನುಮದ ಜೋಡಿ’ ಬಂತು, ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ‘ಕೋಲುಮಂಡೆ ಜಂಗಮದೇವ’ ಹಾಡಿದರು, ಅವರಿಗೆ ರಾಜ್ಯಪ್ರಶಸ್ತಿ ಬಂತು. ಬೀದರಿನಲ್ಲಿ, ಕಾರವಾರದಲ್ಲಿ ಇರುವವರಿಗೆ ಕೋಲುಮಂಡೆ ಅಂದರೆ ಆ ಸಿನಿಮಾನೇ. ಚಿತ್ರದ ಕತೆ ನೋಡಿದರೆ ಗುಜರಾತಿಯ ಪನ್ನಾಲಾಲ್ ಪಟೇಲರ ‘ಮಳೇಲಾ ಜೀವ್’ ಕಾದಂಬರಿಯದು! ಗುಜರಾತಿನ ಕತೆಯೊಳಗೆ ಕೊಳ್ಳೇಗಾಲದ ದೇವರು ಬಂದದ್ದಕ್ಕಿಂತ ಆಶ್ಚರ್ಯ ಬೇಕೇ?

ಭಾವ: ಆ ಆಶ್ಚರ್ಯ ನಿಜ. ಮನೋಹರ್ ಅವರ ಕೆಲಸವನ್ನೂ ಶಾಸ್ತ್ರಿಯವರ ಕಂಠವನ್ನೂ ಕಡಿಮೆ ಮಾಡುವ ಮಾತೇ ಇಲ್ಲ. ಆದರೆ ‘ಯಾರು ಕಟ್ಟಿದರೋ ಗೊತ್ತಿಲ್ಲ, ಆದ್ದರಿಂದ ಕತೆಯಿಲ್ಲ’ ಅಂದೆಯಲ್ಲ, ಅಲ್ಲಿ ಜಾರಿದೆ. ಮಾದಪ್ಪನ ಕಾವ್ಯ ಬಿಡಿ ಹಾಡುಗಳ ಮೂಟೆಯಲ್ಲ. ಹುಟ್ಟಿನ ಕತೆ, ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಅಂತ ಸಾಲು ಸಾಲಾಗಿ ರಾತ್ರಿಯಿಡೀ ಹಾಡುವ ಕಾವ್ಯ ಅದು. ನಾವು ಕೂತಿರುವ ಕುಂತೂರೂ ಅದರೊಳಗಿದೆ: ಸುತ್ತೂರು ಮಠದಲ್ಲಿ ರಾಗಿ ಬೀಸಿದ ಮಾದಪ್ಪ ಕುಂತೂರು ಮಠಕ್ಕೆ ಬಂದು, ಆಮೇಲೆ ಮಲೆಯ ದಾರಿ ಹಿಡಿಯುತ್ತಾನೆ. ಅದನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಅವರು ಬಟ್ಟಲಿನಂಥ ಕಂಚಿನ ತಾಳವನ್ನು ಒಂದು ಕೈಯಲ್ಲಿ ಹಿಡಿದು, ದಾರಕಟ್ಟಿದ ಚಪ್ಪಟೆ ತಾಳವನ್ನು ಇನ್ನೊಂದು ಕೈಯಿಂದ ಬೀಸಿ ಹೊಡೆಯುತ್ತ ಹಾಡುತ್ತಾರೆ, ಅದೇ ಕಂಸಾಳೆ. ಮನೆಮನೆಗೆ ಕ್ವಾರಣ್ಯಕ್ಕೆ, ಅಂದರೆ ಭಿಕ್ಷೆಗೆ, ಹೋಗುವಾಗ ಹಾಡಬೇಕಾದ್ದು ಬೇರೆ, ದೇವರ ಮುಂದೆ ಕೂತು ಕತೆ ನಡೆಸುವಾಗ ಹಾಡಬೇಕಾದ್ದು ಬೇರೆ. ಮುಂದಾಳು ಒಂದು ಚರಣ ಎತ್ತುತ್ತಾನೆ, ಹಿಮ್ಮೇಳದವರು ಪಲ್ಲವಿಯನ್ನು ಹಿಡಿದು ತಿರುಗಿಸುತ್ತಾರೆ. ಅಷ್ಟರಲ್ಲಿ ಮುಂದಿನ ಚರಣ ಅವನ ನೆನಪಿನಲ್ಲಿ ಹಣ್ಣಾಗುತ್ತದೆ. ಕೇಳಿದವರ ಬಾಯಲ್ಲಿ ಪಲ್ಲವಿ ತಟ್ಟನೆ ಕೂರುವುದು ಈ ಕಾರಣಕ್ಕೆ. ಸಾವಿರ ಸಲ ತಿರುಗಿಸಿ ನೋಡಿ, ಸವೆದದ್ದನ್ನು ಬಿಟ್ಟು, ಉಳಿದದ್ದನ್ನು ಹಾಡಿದ ಪಲ್ಲವಿ ಅದು. ಸಿನಿಮಾ ಸಂಗೀತಗಾರನೊಬ್ಬ ವಾರಗಟ್ಟಲೆ ತಡಕಾಡಿದರೂ ಸಿಗದಂಥದ್ದು ಇಲ್ಲಿ ಸಿದ್ಧವಾಗಿ ಸಿಕ್ಕಿತು. ಅದನ್ನು ಗುರುತಿಸಿದ್ದು ಅವರ ಜಾಣತನ, ಆದರೆ ಸಿದ್ಧಪಡಿಸಿದ್ದು ಬೇರೆಯವರು.

ಭಾಮೈದ: ಬೇರೆಯವರು ಅಂದರೆ ಯಾರು? ಮತ್ತೆ ಅಲ್ಲಿಗೇ ಬಂದಿರಿ. ಹೆಸರು ಹೇಳಿ ಅಂದರೆ ‘ಜನಪದ’ ಅನ್ನುತ್ತೀರಿ.

ಭಾವ: ಇಲ್ಲ, ಹೆಸರು ಹೇಳುತ್ತೇನೆ. ಪಿ.ಕೆ. ರಾಜಶೇಖರ ಅವರು 1973ರಲ್ಲೇ ‘ಮಲೆಯ ಮಾದೇಶ್ವರ’ವನ್ನು ಪುಸ್ತಕವಾಗಿ ತಂದರು, ‘ಜನುಮದ ಜೋಡಿ’ಗೆ ಇಪ್ಪತ್ತಮೂರು ವರ್ಷ ಮೊದಲು. ಆಮೇಲೆ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಇನ್ನೊಂದು ಪಾಠ ಬಂತು, ಅದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದು 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದಾಗ, ಶೀರ್ಷಿಕೆಯ ಜೊತೆಯಲ್ಲೇ ಹೆಬ್ಬಣಿ ಮಾದಯ್ಯನವರ ಹೆಸರು ಅಚ್ಚಾಯಿತು. ಮೊದಲು ಯಾರು ಕಟ್ಟಿದರು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದೆ ಇರಬಹುದು. ಯಾರು ಹಾಡಿದರು, ಯಾರ ಬಾಯಿಂದ ಬಂತು ಅನ್ನೋದಕ್ಕೆ ಉತ್ತರ ಇದೆ. ಪುಸ್ತಕದವರಿಗೆ ಸಾಧ್ಯವಾದದ್ದು ಕ್ಯಾಸೆಟ್ಟಿನವರಿಗೆ, ಸಿನಿಮಾದವರಿಗೆ ಯಾಕೆ ಆಗಬಾರದು ಅನ್ನೋದೇ ನನ್ನ ವಾದ.

ಭಾಮೈದ: ಸರಿ, ಇನ್ನೊಂದು ಕಡೆಯಿಂದ ಬರುತ್ತೇನೆ. ಬಾಯಿಂದ ಬಾಯಿಗೆ ಹೋಗುವಾಗ ಹಾಡು ಬದಲಾಗುತ್ತಲೇ ಬಂದಿದೆ ಅಂತ ನೀವೇ ಹೇಳಿದಿರಿ. ಸಿನಿಮಾನೂ ಒಂದು ಬಾಯಿ ಅಂದುಕೊಳ್ಳಿ. ಮಾದಪ್ಪನದೇ ಹಾಡು ‘ಸೋಜುಗಾದ ಸೂಜುಮಲ್ಲಿಗೆ’ ಏನಾಯಿತು ನೋಡಿ. 2020ರ ಶಿವರಾತ್ರಿಗೆ ಅನನ್ಯಾ ಭಟ್ ಈಶಾ ವೇದಿಕೆಯಲ್ಲಿ ಹಾಡಿದ್ದನ್ನು ಕನ್ನಡವೇ ಬಾರದವರು ಗುನುಗಿದರು. ಮರುವರ್ಷ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಿಥುನ್ ಮುಕುಂದನ್ ಸಂಗೀತಕ್ಕೆ ಚೈತ್ರಾ ಆಚಾರ್ ಹಾಡಿದರು. ಅದು ಮಂಗಳೂರಿನ ರೌಡಿಗಳ ಕತೆ. ಮಲೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಚಿತ್ರಮಂದಿರದಲ್ಲಿ ಜನಕ್ಕೆ ಮೈ ಜುಮ್ಮೆಂದಿತು. ಸಾಲು ಗೊತ್ತಿಲ್ಲದೆಯೂ ಹಾಡು ತಟ್ಟುತ್ತದೆ ಅಂದ ಮೇಲೆ ಸಾಲು ಯಾಕೆ ಬೇಕು?

ಭಾವ: ತಟ್ಟುತ್ತದೆ, ಅಲ್ಲಗಳೆಯೋದಿಲ್ಲ. ಮಂಗಳೂರಿನ ಕತೆಯೊಳಗೆ ಆ ಹಾಡು ಕೂತ ಬಗೆ ನನಗೂ ಮೆಚ್ಚುಗೆಯೇ. ಸಿನಿಮಾ ಮುಟ್ಟದೆ ಹೋಗಿದ್ದರೆ ಈ ಹಾಡುಗಳು ಹನೂರಿನಾಚೆ ದಾಟುತ್ತಿರಲಿಲ್ಲ ಅಂತ ನೀನು ಹೇಳಿದರೂ ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಆದರೆ ಅದೇ 2020ರಲ್ಲಿ, ಅದೇ ಮಲೆಯ ಇನ್ನೊಂದು ಹಾಡಿಗೆ ಏನಾಯಿತು ಅನ್ನೋದನ್ನೂ ನೋಡಬೇಕು. ಚಂದನ್ ಶೆಟ್ಟಿ ‘ಕೋಲುಮಂಡೆ’ಯನ್ನು ರ‍್ಯಾಪ್ ಮಾಡಿ ಗೌರಿ ಗಣೇಶ ಹಬ್ಬದ ಹೊತ್ತಿಗೆ ಬಿಟ್ಟರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲಿನವರು ಸಿಟ್ಟಾದರು, ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆದರು. ಕತೆ ಗೊತ್ತಿಲ್ಲದವನಿಗೆ ಇದು ಬಟ್ಟೆಬರೆಯ ಜಗಳದಂತೆ ಕಾಣುತ್ತದೆ. ಸಂಕಮ್ಮನ ಸಾಲನ್ನು ಕೇಳಿದವನಿಗೆ ಹಾಗೆ ಕಾಣೋದಿಲ್ಲ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಶೀಲದ ಮೇಲೆ ಆಣೆ ಕೇಳುತ್ತಾನೆ. ಅವಳು ಒಪ್ಪೋದಿಲ್ಲ. ಅವಳನ್ನು ಹಿಂಸೆಗೆ ಗುರಿಮಾಡಿ ಹೋಗುತ್ತಾನೆ. ಅವಳ ಮೊರೆಗೆ ಜಂಗಮನಾಗಿ ಬಂದ ಮಾದಪ್ಪ ಅವಳನ್ನು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ಗಂಡನ ಅನುಮಾನಕ್ಕೆ ಮಣಿಯದ ಹೆಣ್ಣೊಬ್ಬಳ ಕತೆ ಅದು. ಅಂಥವಳನ್ನು ಕುಣಿತಕ್ಕೊಂದು ಅಲಂಕಾರವಾಗಿ ನಿಲ್ಲಿಸಿದಾಗ ಆಗುವ ನೋವು ರಾಗ ಬದಲಾಯಿಸಿದ್ದಕ್ಕೆ ಆಗುವ ನೋವಲ್ಲ.

ಭಾಮೈದ: ಭಾವ, ಇದು ಅಪಾಯದ ದಾರಿ. ಇವತ್ತು ಯಾರ ಭಾವನೆಗೆ ಯಾವಾಗ ಧಕ್ಕೆಯಾಗುತ್ತದೋ ಹೇಳೋದಕ್ಕಾಗೋದಿಲ್ಲ. ಹೀಗೆ ಒಬ್ಬೊಬ್ಬರೂ ಹಾಡು ತೆಗೆಸುತ್ತ ಹೋದರೆ ಹೊಸದಾಗಿ ಯಾರು ಮುಟ್ಟುತ್ತಾರೆ? ಕಂಸಾಳೆ ವಸ್ತುಸಂಗ್ರಹಾಲಯ ಸೇರುತ್ತದೆ, ಅಷ್ಟೇ.

ಭಾವ: ಅಪಾಯ ಇದೆ. ಹಾಡು ತೆಗೆಸಿದ್ದು ನನಗೂ ಗೆಲುವಾಗಿ ಕಾಣಲಿಲ್ಲ. ಆ ರ‍್ಯಾಪಿಗೆ ಎದುರಾಗಿ ಸಂಕಮ್ಮನ ಸಾಲನ್ನೇ ಪೂರ್ತಿ ಹಾಡಿ ಅದೇ ಯೂಟ್ಯೂಬಿಗೆ ಹಾಕಿದ್ದರೆ ಚೆನ್ನಾಗಿತ್ತು ಅಂತ ನನ್ನ ಅನಿಸಿಕೆ. ಆದರೆ ನಾನು ಆ ಪ್ರಸಂಗವನ್ನು ಎತ್ತಿದ್ದು ಬೇರೆ ಕಾರಣಕ್ಕೆ. ದೇವರಗುಡ್ಡನೂ ಸಂಕಮ್ಮನ ಕತೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ, ಕೇಳುವವರನ್ನು ನೋಡಿ ನಗೆಮಾತು ಸೇರಿಸುತ್ತಾನೆ. ಅವನ ಎದುರಿಗೆ ಕೂತವರು ಆ ಸಾಲನ್ನು ಹಿಂದೆ ಕೇಳಿದವರು. ತಪ್ಪಿದರೆ ಅಲ್ಲೇ ತಡೆಯುತ್ತಾರೆ, ಮೆಚ್ಚಿದರೆ ಅಲ್ಲೇ ತಲೆದೂಗುತ್ತಾರೆ. ಬದಲಾವಣೆಗೆ ಒಂದು ಕಾವಲಿತ್ತು. ಸ್ಟುಡಿಯೋದಲ್ಲಿ ಆ ಕೇಳುಗ ಇಲ್ಲ. ಅದಕ್ಕೇ ನಿನ್ನ ‘ಸಿನಿಮಾನೂ ಒಂದು ಬಾಯಿ’ ಅನ್ನೋ ಮಾತು ನನಗೆ ಪೂರ್ತಿ ಹೊಂದೋದಿಲ್ಲ. ಬಾಯಿ ಹೌದು, ಎದುರಿಗೆ ಕಿವಿ ಇಲ್ಲದ ಬಾಯಿ. 2020ರಲ್ಲಿ ಆ ಹಳೆಯ ಕೇಳುಗರು ಮೊಬೈಲ್ ಹಿಡಿದು ಸ್ಟುಡಿಯೋ ಬಾಗಿಲಿಗೇ ಬಂದರು. ಹಾಡಿಗೆ ದಿಕ್ಕುದೆಸೆ ಇಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು ಅಂತ ಅಂದುಕೊಂಡವರಿಗೆ ಅವತ್ತು ಆಶ್ಚರ್ಯವಾಯಿತು.

ಭಾಮೈದ: ಮಾತು ಮರ್ಯಾದೆಯ ಕಡೆ ಹೋಯಿತು. ಕಾಸಿನ ಕಡೆ ಬನ್ನಿ. ಹಾಡಿಂದ ದುಡ್ಡು ಬರುತ್ತದೆ. ಅದರಲ್ಲಿ ಪಾಲು ಯಾರಿಗೆ?

ಭಾವ: ದಕ್ಷಿಣ ಆಫ್ರಿಕಾದ ಒಂದು ಕತೆ ಇದಕ್ಕೆ ತೀರ ಹತ್ತಿರದ್ದು. ಸೊಲೊಮನ್ ಲಿಂಡಾ ಅನ್ನೋ ಜುಲು ಗಾಯಕ 1939ರಲ್ಲಿ ಜೋಹಾನ್ಸ್‌ಬರ್ಗಿನ ಗ್ಯಾಲೊ ಕಂಪನಿಯ ಸ್ಟುಡಿಯೋದಲ್ಲಿ ‘ಂಬೂಬೆ’ ಅಂತ ಒಂದು ಹಾಡು ಹಾಡಿದ. ಕೊನೆಯ ಭಾಗದಲ್ಲಿ ಅವನಿಗೆ ತೋಚಿದ ಒಂದು ಎತ್ತರದ ಸ್ವರವರಸೆಯೇ ಆಮೇಲೆ ಜಗತ್ತನ್ನು ಸುತ್ತಿತು. ಹಕ್ಕನ್ನು ಹತ್ತು ಶಿಲಿಂಗಿಗೆ ಬಿಟ್ಟುಕೊಟ್ಟಿದ್ದ. ಅಮೆರಿಕದಲ್ಲಿ ಪೀಟ್ ಸೀಗರ್ ಅವರ ಮೇಳ ಅದನ್ನು ಹಾಡಿತು, 1961ರಲ್ಲಿ ಟೋಕನ್ಸ್ ಮೇಳ ಹೊಸ ಮಾತುಗಳೊಂದಿಗೆ ಹಾಡಿ ಮೊದಲ ಸ್ಥಾನಕ್ಕೆ ಏರಿಸಿತು, 1994ರಲ್ಲಿ ಡಿಸ್ನಿಯ ‘ಲಯನ್ ಕಿಂಗ್’ ಸೇರಿತು. ಲಿಂಡಾ 1962ರಲ್ಲೇ ಬಡತನದಲ್ಲಿ ತೀರಿಕೊಂಡಿದ್ದ. ರಿಯಾನ್ ಮಲಾನ್ ಅನ್ನೋ ಪತ್ರಕರ್ತ 2000ದಲ್ಲಿ ಈ ಕತೆಯನ್ನು ಬಯಲಿಗೆ ತಂದ ಮೇಲೆ ಮಕ್ಕಳು ಕೋರ್ಟಿಗೆ ಹೋದರು, 2006ರಲ್ಲಿ ರಾಜಿಯಾಯಿತು. ಅಷ್ಟು ವರ್ಷ ಜಗತ್ತು ಅದನ್ನು ಆಫ್ರಿಕಾದ ಯಾವುದೋ ಹಳೆಯ ಜನಪದ ಹಾಡು ಅಂತಲೇ ನಂಬಿತ್ತು. ‘ಜನಪದ’ ಅನ್ನೋ ಚೀಟಿ ಒಬ್ಬ ಮನುಷ್ಯನನ್ನು ಹೇಗೆ ಮರೆಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಭಾಮೈದ: ಲಿಂಡಾ ಒಬ್ಬ ಮನುಷ್ಯ, ಅವನಿಗೆ ಮಕ್ಕಳಿದ್ದರು, ಕೋರ್ಟಿಗೆ ಹೋದರು. ಸಂಕಮ್ಮನ ಸಾಲಿಗೆ ವಾರಸುದಾರರು ಯಾರು? ಒಂದು ಮೇಳಕ್ಕೆ ದುಡ್ಡು ಕೊಟ್ಟರೆ ಪಕ್ಕದೂರಿನ ಮೇಳದವರು ಜಗಳಕ್ಕೆ ಬರುತ್ತಾರೆ. ದೇವಸ್ಥಾನಕ್ಕೆ ಕೊಡಿ ಅಂತ ಇನ್ನೊಬ್ಬರು ಅನ್ನುತ್ತಾರೆ.

ಭಾವ: ಅದಕ್ಕೇ ನಾನು ಕಟ್ಟಿದವರ ಹಕ್ಕಿನ ಮಾತು ಎತ್ತಲೇ ಇಲ್ಲ, ಅದು ಬಗೆಹರಿಯೋದಿಲ್ಲ. ಹಾಡಿದವರ ಹಕ್ಕು ಬೇರೆ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಅದರಲ್ಲಿ ಪ್ರದರ್ಶಕರಿಗೆ, ಅಂದರೆ ಹಾಡುವವರಿಗೆ ಆಡುವವರಿಗೆ, ಅವರದೇ ಆದ ಹಕ್ಕು ಸೇರಿದ್ದು 1994ರ ತಿದ್ದುಪಡಿಯಲ್ಲಿ. ಅದಕ್ಕಿಂತ ಮುಂಚೆ ಯಾರಾದರೂ ಟೇಪ್ ರೆಕಾರ್ಡರ್ ಹಿಡಿದು ಬಂದು ದೇವರಗುಡ್ಡನ ಹಾಡನ್ನು ತುಂಬಿಕೊಂಡು ಹೋದರೆ, ಆ ಟೇಪಿನ ಹಕ್ಕು ಟೇಪ್ ಮಾಡಿದವನದು. ಹಾಡಿದವನಿಗೆ ಕಾಯಿದೆಯಲ್ಲಿ ಜಾಗವೇ ಇರಲಿಲ್ಲ. ಕ್ಯಾಸೆಟ್ ಮನೆಮನೆಗೂ ಬಂದ ಕಾಲ ಯಾವುದು ಅಂತ ನೆನಪು ಮಾಡಿಕೋ, ಎಂಬತ್ತರ ದಶಕ. ಕಾಯಿದೆ ಎಚ್ಚರವಾಗುವ ಹೊತ್ತಿಗೆ ಕ್ಯಾಸೆಟ್ಟಿನ ಸುಗ್ಗಿ ನಡೆದುಹೋಗಿತ್ತು. ಈಗ ಹಾಗಲ್ಲ. ಇವತ್ತು ಒಂದು ಮೇಳವನ್ನು ಕರೆದು ರೆಕಾರ್ಡ್ ಮಾಡಿದರೆ, ಯಾರು ಹಾಡಿದರು, ಯಾವ ಸಾಲು, ಯಾವ ಊರಿನ ಮೇಳ ಅಂತ ಬರೆದು ಕರಾರು ಮಾಡಿಕೊಳ್ಳೋದಕ್ಕೆ ಅಡ್ಡಿಯಿಲ್ಲ. ಜಗಳ ಬರುತ್ತದೆ ಅಂದೆ. ಬರಲಿ. ಪಾಲಿನ ಜಗಳ ಪಾಲು ಇರುವ ಮನೆಯಲ್ಲೇ ಬರೋದು.

ಭಾಮೈದ: ಆದರೆ ಚಿತ್ರದವರು ಮೇಳವನ್ನು ಕರೆಯೋದೇ ಇಲ್ಲ. ಹಾಡು ಕೇಳಿ ಕಲಿತು, ತಮ್ಮ ಗಾಯಕರಿಂದ ಹಾಡಿಸುತ್ತಾರೆ. ಆಗ ನಿಮ್ಮ ಪ್ರದರ್ಶಕರ ಹಕ್ಕು ಎಲ್ಲಿ ಅಂಟುತ್ತದೆ?

ಭಾವ: ಎಲ್ಲೂ ಅಂಟೋದಿಲ್ಲ, ನೀನು ಸರಿಯಾದ ಕಡೆ ಕೈ ಇಟ್ಟೆ. ಕಾಯಿದೆ ಅಲ್ಲಿಗೆ ನಿಲ್ಲುತ್ತದೆ. ಉಳಿಯೋದು ಹೆಸರು ಬರೆಯುವ ಪದ್ಧತಿ ಒಂದೇ. ಹೆಬ್ಬಣಿ ಮಾದಯ್ಯನವರ ಪಾಠವನ್ನು ನೋಡಿ ಹಾಡು ಮಾಡಿದ್ದರೆ ಹಾಗಂತ ಹಾಕು. ಇಂಥ ಮೇಳದಿಂದ ಕೇಳಿದ್ದರೆ ಅವರ ಊರಿನ ಹೆಸರು ಹಾಕು. ಖರ್ಚಿಲ್ಲದ ಕೆಲಸ ಅದು. ಮುಂದೆ ಆ ಹಾಡಿನ ಬಗ್ಗೆ ಕತೆ ಹೇಳುವವನು ಸ್ಟುಡಿಯೋದ ಬಾಗಿಲಲ್ಲೇ ನಿಲ್ಲದೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ಹುಡುಕಬಹುದು, ‘ಓಹಿಲೇಶ್ವರ’ದ ವರ್ಷವನ್ನು ನಾವು ಈಗ ಹುಡುಕಿದ ಹಾಗೆ. ಅಂದಹಾಗೆ ಆ 1956ರಲ್ಲಿ ನವೆಂಬರ್ ಬರುವ ತನಕ ನಮ್ಮ ಕೊಳ್ಳೇಗಾಲವೇ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯಲ್ಲಿದ್ದ, ರಾಜ್‌ಕುಮಾರ್ ಹುಟ್ಟಿದ ಗಾಜನೂರು ಈಗಲೂ ತಮಿಳುನಾಡಿನಲ್ಲೇ ಇದೆ. ಇದನ್ನೂ ಎಷ್ಟು ಜನ ಮರೆತಿದ್ದಾರೆ ನೋಡು.

ಭಾಮೈದ: ಮಾತು ಬೇರೆ ಕಡೆ ತಿರುಗಿಸಬೇಡಿ. ‘ಯಾರೇ ಕೂಗಾಡಲಿ’ ರೆಕಾರ್ಡು ಯಾರದು ಈಗ?

ಭಾವ: ಧ್ವನಿಮುದ್ರಿಕೆಗೆ ಕಾಯಿದೆ ಕೊಡೋದು ಅರವತ್ತು ವರ್ಷ, ಬಿಡುಗಡೆಯಾದ ಮರುವರ್ಷದ ಮೊದಲ ದಿನದಿಂದ ಎಣಿಕೆ. 1974ರ ರೆಕಾರ್ಡು 2034ರ ಕೊನೆಯ ತನಕ ಹಕ್ಕುದಾರರದು. ಆಮೇಲೆ ಆ ಮುದ್ರಿಕೆಗೆ ಯಾರೂ ಒಡೆಯರಿಲ್ಲ, ಮಾತು ಮತ್ತು ರಾಗದ ಲೆಕ್ಕ ಬೇರೆ.

ಭಾಮೈದ: ಹಾಗಾದರೆ ಕ್ಯಾಸೆಟ್ಟಿಗೆ ಹಾಡಿದ ನಮ್ಮ ಮೇಳದವರು?

ಭಾವ: ಅವರ ಹೆಸರು ಕ್ಯಾಸೆಟ್ಟಿನ ಹೊದಿಕೆ ಮೇಲೆ ಇದೆಯೋ ಇಲ್ಲವೋ, ಮೊದಲು ಅದನ್ನು ನೋಡೋಣ. ಹಳೆಯ ಕ್ಯಾಸೆಟ್ಟುಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ತೆಗೆದಿಡೋದಕ್ಕೆ ಹೇಳು.